ಹಿಮಾಲಯದಲ್ಲಿ ಸ್ಕೀ: ದೇಹ ಎತ್ತರಕ್ಕೆ ಒಗ್ಗುವ ಬಗೆ

ಕೋಲ್ಕತ್ತದ ಟಾಲಿಗಂಜ್ ಸಮುದ್ರಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲ. ಆದರೆ ಇಲ್ಲಿಂದ ರಾತ್ರಿ ರೈಲು ಹತ್ತಿದವರು ಕೆಲವೇ ದಿನಗಳಲ್ಲಿ 3,636 ಮೀಟರ್ ಎತ್ತರದ ಸಂದಕ್ಫುವಿನಲ್ಲೋ, 5,000 ಮೀಟರ್ ದಾಟಿದ ಗುರುದೊಂಗ್ಮಾರ್ ಸರೋವರದ ದಂಡೆಯಲ್ಲೋ ಇರಬಹುದು. ಗುಲ್ಮಾರ್ಗ್, ಔಲಿಯಲ್ಲಿ ಸ್ಕೀ ಕಲಿತವರಲ್ಲಿ ಕೆಲವರು ಇನ್ನೂ ಎತ್ತರದ ಪರ್ವತಾರೋಹಣಕ್ಕೂ ಸ್ಕೀ ಒಯ್ಯುತ್ತಾರೆ. ಔಷಧಿ ಅಂಗಡಿಯಲ್ಲಿ ಇಂಥವರ ಮನೆಯವರ ಮೊದಲ ಪ್ರಶ್ನೆ, "ಎತ್ತರಕ್ಕೆ ಯಾವ ಮಾತ್ರೆ ಕೊಡ್ತೀರಿ?" ಎಂಬುದು. ಮಾತ್ರೆಯ ಮಾತು ಆಮೇಲೆ. ಮೊದಲು ಬೇಕಾಗಿರುವುದು ದಿನಗಳು.

ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಮೊದಲು ಉಸಿರಾಟದ ವೇಗ ಹೆಚ್ಚಿಸುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ-ಕ್ಷಾರ ಸಮತೋಲನವನ್ನು ಸರಿಪಡಿಸುತ್ತವೆ, ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. "ನಾವು ಬೆಂಗಳೂರಿನವರು, 900 ಮೀಟರ್ ಮೇಲಿದ್ದೇವಲ್ಲ" ಎನ್ನುವವರುಂಟು. ಆ ಎತ್ತರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ತಂಗಬೇಕು. ಹಗಲು ಮೇಲೇರಿ ರಾತ್ರಿ ಕೆಳಗೆ ಬಂದು ಮಲಗುವುದು ಒಳ್ಳೆಯದು. ಇಲ್ಲಿ ಸ್ಕೀ ನಿಜಕ್ಕೂ ಸಹಾಯ ಮಾಡುತ್ತದೆ. ಅಡಿಗೆ 'ಸ್ಕಿನ್' ಎಂಬ ಪಟ್ಟಿ ಅಂಟಿಸಿದರೆ ಸ್ಕೀ ಹಿಂದಕ್ಕೆ ಜಾರುವುದಿಲ್ಲ, ಹಿಮದಲ್ಲಿ ಕಾಲು ಹೂತುಹೋಗದೆ ಏರಬಹುದು. ಇಳಿಯುವಾಗ ಪಟ್ಟಿ ಕಿತ್ತರೆ ಸಾಕು. ಸ್ಲೊವೇನಿಯಾದ ದಾವೊ ಕಾರ್ನಿಚಾರ್ 2000ದ ಅಕ್ಟೋಬರಿನಲ್ಲಿ ಎವರೆಸ್ಟ್ ತುದಿಯಿಂದ ಬೇಸ್ ಕ್ಯಾಂಪಿಗೆ ಐದು ಗಂಟೆಯೊಳಗೆ ಸ್ಕೀ ಮೇಲೆ ಇಳಿದರು. ಸುದ್ದಿಯಾದದ್ದು ಆ ಐದು ಗಂಟೆ. ಅದಕ್ಕೂ ಮುಂಚೆ ಮೇಲೆ ಕೆಳಗೆ ಓಡಾಡಿ ದೇಹವನ್ನು ಒಗ್ಗಿಸಿಕೊಂಡ ವಾರಗಳು ಯಾರಿಗೂ ನೆನಪಿರುವುದಿಲ್ಲ.

ಅಪಾಯವೂ ಇಲ್ಲೇ ಇದೆ. ಆಯಾಸ ಕಡಿಮೆಯಾದ್ದರಿಂದ ದೇಹ ಒಗ್ಗುವುದಕ್ಕಿಂತ ಬೇಗ ಏರಿಬಿಡಬಹುದು. ಕಾಲಿನ ಬಲಕ್ಕೂ ಎತ್ತರಕ್ಕೆ ಒಗ್ಗುವುದಕ್ಕೂ ಸಂಬಂಧವಿಲ್ಲ. ಜೊತೆಗೆ "ಏನಾದರೂ ಆದರೆ ಸರ್ರನೆ ಇಳಿದುಬಿಡ್ತೀನಿ" ಎಂಬ ಭರವಸೆ. ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಇದ್ದರೆ ಮತ್ತೆ ಏರಬಾರದು. ಅಲ್ಲೇ ತಂಗಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಕಾಯಿಲೆ ಮಿದುಳಿಗೇರಿದಾಗ ಮೊದಲು ಹೋಗುವುದೇ ಸಮತೋಲನ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದವರು ಸ್ಕೀ ಮೇಲೆ ಹೇಗೆ ಇಳಿದಾರು? ಅವರನ್ನು ಸ್ಲೆಡ್ಜ್‌ನಲ್ಲಿಯೋ ಹೊತ್ತೋ ಇಳಿಸಬೇಕು, ಒಂಟಿಯಾಗಿ ಕಳಿಸಲೇಬಾರದು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯಬೇಡಿ.

ಈಗ ಮಾತ್ರೆ. ಅಸೆಟಜೋಲಮೈಡ್ (ಡಯಾಮಾಕ್ಸ್) ಒಗ್ಗುವಿಕೆಯನ್ನು ಚುರುಕುಗೊಳಿಸುತ್ತದೆ. ವೈದ್ಯರು ಸಾಮಾನ್ಯವಾಗಿ ವಯಸ್ಕರಿಗೆ ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ ಬರೆಯುತ್ತಾರೆ; ಅಂದರೆ 250ರ ಮಾತ್ರೆಯ ಅರ್ಧ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಸಹಜ. ಸಲ್ಫಾ ಔಷಧಿಯ ತೀವ್ರ ಅಲರ್ಜಿ, ಮೂತ್ರಪಿಂಡದ ತೊಂದರೆ, ಗರ್ಭಧಾರಣೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ನಿದ್ದೆ ಬರಲಿಲ್ಲವೆಂದು ನಿದ್ದೆ ಮಾತ್ರೆಯಾಗಲಿ ಮದ್ಯವಾಗಲಿ ಬೇಡ. ಉಸಿರಾಟ ಇನ್ನಷ್ಟು ಕುಗ್ಗುತ್ತದೆ. ಡೆಕ್ಸಾಮೆಥಾಸೋನ್, ನಿಫೆಡಿಪಿನ್ ತುರ್ತಿಗಿರುವ ಔಷಧಿಗಳು. ಅವನ್ನು ಕೊಟ್ಟ ಮೇಲೂ ಇಳಿಸಲೇಬೇಕು. ಇಲ್ಲಿನ ಚಾರಣಿಗರು ಹೋಮಿಯೋಪಥಿಯ ಕೋಕಾ 30 ಒಯ್ಯುವ ರೂಢಿಯಿದೆ. ಅದು ಎತ್ತರದ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆಯಿಲ್ಲ. ಸೀಸೆ ಜೇಬಿನಲ್ಲಿದೆಯೆಂದು ಒಂದು ದಿನದ ವಿಶ್ರಾಂತಿ ಬಿಟ್ಟರೆ ಅದೇ ದೊಡ್ಡ ನಷ್ಟ.

ಮಧುಮೇಹಿಗಳು ಇನ್ಸುಲಿನ್ ಅನ್ನು ಬಟ್ಟೆಯೊಳಗೆ ಮೈಗೆ ಹತ್ತಿರವಾಗಿ ಇಟ್ಟುಕೊಳ್ಳಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದ್ದವರು ಟಿಕೆಟ್ ಕಾಯ್ದಿರಿಸುವ ಮುಂಚೆಯೇ ವೈದ್ಯರನ್ನು ಕಾಣಲಿ.

ಮನೆಯಲ್ಲಿರುವವರಿಗೂ ಒಂದು ಕೆಲಸವಿದೆ. ಫೋನಿನಲ್ಲಿ "ಆರಾಮಾ?" ಎಂದರೆ "ಆರಾಮ" ಎಂದೇ ಉತ್ತರ ಬರುತ್ತದೆ. ನಿನ್ನೆ ಎಲ್ಲಿ ಮಲಗಿದ್ದೆ, ಎಷ್ಟು ಎತ್ತರ, ಊಟ ಸೇರಿತಾ, ತಲೆ ನೋಯುತ್ತಿದೆಯಾ ಎಂದು ಕೇಳಿ. ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಫೋನನ್ನು ತಂಡದ ನಾಯಕರಿಗೆ ಕೊಡಲು ಹೇಳಿ, ಕಂಡದ್ದನ್ನು ನೇರವಾಗಿ ತಿಳಿಸಿ. ಊರಿಗೆ ಮರಳಿದ ಮೇಲೂ ಏದುಸಿರು, ಕೆಮ್ಮು ಉಳಿದಿದ್ದರೆ ಆಸ್ಪತ್ರೆಗೆ ಹೋಗಿ, ಯಾವ ದಿನ ಎಷ್ಟು ಎತ್ತರದಲ್ಲಿ ಮಲಗಿದ್ದರು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.