ನಡಿಗೆಯ ವೇಗ ಮಾಪನ (ಮಿದುಳಿನ ಹಾನಿಯ ನಂತರ)

ತಲೆಗೆ ಪೆಟ್ಟು ಬಿದ್ದು ಅಥವಾ ಲಕ್ವ ಹೊಡೆದು ಮಿದುಳಿಗೆ ಹಾನಿಯಾದವರ ಚೇತರಿಕೆಯನ್ನು ತಿಳಿಯಲು ಅವರ ನಡಿಗೆಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆಯುವ ಪರೀಕ್ಷೆ. ಫಿಸಿಯೋಥೆರಪಿಸ್ಟರು ಇದನ್ನು ‘ಟೆನ್ ಮೀಟರ್ ವಾಕ್’ ಎನ್ನುತ್ತಾರೆ. ನೆಲದ ಮೇಲೆ 10 ಮೀಟರ್ ಗುರುತು ಹಾಕಿ, ನಡಿಗೆ ಕುದುರಲು ಮತ್ತು ನಿಲ್ಲಲು ಎರಡೂ ತುದಿಗಳ ಆಚೆ ಒಂದಿಷ್ಟು ಜಾಗ ಬಿಟ್ಟು, ನಡುವಿನ ಆ 10 ಮೀಟರಿಗೆ ಮಾತ್ರ ಸ್ಟಾಪ್‌ವಾಚ್ ಹಿಡಿಯುವುದು ರೂಢಿ. ಊರುಗೋಲು ಹಿಡಿದೇ ನಡೆಯಬಹುದು. ಅದನ್ನು ಬರೆದುಕೊಂಡರೆ ಸಾಕು. ಅಳೆಯುವವರು ತುಸು ಹಿಂದೆಯೇ ಬರಬೇಕು. ಮುಂದೆ ನಡೆದರೆ ರೋಗಿ ಅವರ ಹೆಜ್ಜೆಗೆ ಹೆಜ್ಜೆ ಹಾಕತೊಡಗಿ ಅಳತೆ ಕೆಡುತ್ತದೆ. 20 ಸೆಕೆಂಡು ಹಿಡಿದರೆ ವೇಗ 0.5, ಆರೋಗ್ಯವಂತ ವಯಸ್ಕರದು ಸುಮಾರು 1.2ರಿಂದ 1.4.

ಜರ್ಮನಿಯ ವೆಬರ್ ಸಹೋದರರು 1836ರಲ್ಲೇ ಮನುಷ್ಯನ ನಡಿಗೆಯ ಯಾಂತ್ರಿಕತೆಯ ಬಗ್ಗೆ ಗ್ರಂಥ ಬರೆದಿದ್ದರೂ ಆಸ್ಪತ್ರೆಯ ಪಡಸಾಲೆಯಲ್ಲಿ ಈ ಅಳತೆ ನೆಲೆಯೂರಿದ್ದು 1980ರ ದಶಕದಲ್ಲಿ. 1987ರಲ್ಲಿ ಇಂಗ್ಲೆಂಡಿನ ಡೆರಿಕ್ ವೇಡ್ ಮತ್ತು ಸಂಗಡಿಗರು ಲಕ್ವ ಪೀಡಿತರ ಮೊದಲ ಮೂರು ತಿಂಗಳ ನಡಿಗೆಯನ್ನು ದಾಖಲಿಸಿದರು. 1995ರಲ್ಲಿ ಕ್ಯಾಲಿಫೋರ್ನಿಯದ ಜಾಕ್ವೆಲಿನ್ ಪೆರ್ರಿ ಅಂಕಿಗೆ ಅರ್ಥ ತುಂಬಿದರು: 0.4ಕ್ಕಿಂತ ಕಡಿಮೆಯಾದರೆ ಓಡಾಟ ಮನೆಯೊಳಗೆ, 0.8 ದಾಟಿದರೆ ಊರೊಳಗೆ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಕಥೆ ಬೇರೆ. ಇವರಲ್ಲಿ ಅನೇಕರು ಹರೆಯದವರು. ನಡಿಗೆಯ ವೇಗ ಸರಿಹೋದರೂ ಓಡಲು, ಜಿಗಿಯಲು ಆಗದೆ ಉಳಿಯುವವರುಂಟು. ಆ ಕೊರತೆಯನ್ನು ಅಳೆಯಲೆಂದು ಮೆಲ್ಬರ್ನ್‌ನ ಗೇವಿನ್ ವಿಲಿಯಮ್ಸ್ 2005ರ ಹೊತ್ತಿಗೆ ‘ಹೈಮ್ಯಾಟ್’ ಎಂಬ ಮಾಪನವನ್ನು ರೂಪಿಸಿದರು. 2004ರಲ್ಲಿ ಆ್ಯನ್ ಮೋಸ್ಲಿ ಮತ್ತು ಸಂಗಡಿಗರ ಸಣ್ಣ ಅಧ್ಯಯನವೊಂದು ಇಂಥವರ ಆಸ್ಪತ್ರೆಯ ಒಳಗಿನ ವೇಗವನ್ನು ಷಾಪಿಂಗ್ ಸೆಂಟರಿನಂಥ ಹೊರಗಿನ ಜಾಗಗಳ ವೇಗದೊಂದಿಗೆ ಹೋಲಿಸಿತು. ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಅವು ಸಪಾಟು ನೆಲಗಳು ಎಂಬುದನ್ನು ಮರೆಯಬಾರದು. ಶಿವಮೊಗ್ಗ ಜಿಲ್ಲೆಯ ಸೊರಬದ ಅಡಿಕೆ ತೋಟದ ಕಾಲುಸಂಕಕ್ಕೂ ಗದ್ದೆಯ ಅಂಚಿಗೂ ಆ ಮಾತನ್ನು ಹಾಗೆಯೇ ಅನ್ವಯಿಸಲಾಗದು.

ಕರ್ನಾಟಕದಲ್ಲಿ ಮಿದುಳಿನ ಹಾನಿಯ ಚಿಕಿತ್ಸೆ, ಪುನಶ್ಚೇತನಗಳ ಒಂದು ಮುಖ್ಯ ನೆಲೆ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್. ಭಾರತದಲ್ಲಿ ಮಿದುಳಿನ ಗಾಯಗಳಲ್ಲಿ ಸುಮಾರು ಶೇ. 60ಕ್ಕೆ ರಸ್ತೆ ಅಪಘಾತವೇ ಕಾರಣವೆಂದು ಅಲ್ಲಿನ ಜಿ. ಗುರುರಾಜ್ 2002ರಲ್ಲಿ ಬರೆದರು. ಲಕ್ವ ಪೀಡಿತರ ಟ್ರೆಡ್‌ಮಿಲ್ ತರಬೇತಿಯ ಬಗ್ಗೆ ಅಲ್ಲಿನ ತಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆಯ ವೇಗವೂ ಒಂದು ಅಳತೆಯಾಗಿತ್ತು.

ಸೊರಬ, ಶಿಕಾರಿಪುರಗಳಂಥ ತಾಲ್ಲೂಕುಗಳಲ್ಲಿ ತಲೆಗೆ ಗಂಭೀರ ಪೆಟ್ಟಾದವರನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಬೆಂಗಳೂರಿಗೋ ಒಯ್ಯಬೇಕು. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಮರಳಿದ ಮೇಲೆ ಪದೇ ಪದೇ ಅಷ್ಟು ದೂರ ಹೋಗುವುದು ಕೂಲಿ ಮಾಡುವವರಿಗೆ ಆಗದ ಮಾತು. ಈ ಪರೀಕ್ಷೆಗಾದರೋ ಬೇಕಾದದ್ದು ಟೇಪು, ಸುಣ್ಣದ ಗೆರೆ, ಮೊಬೈಲಿನ ಸ್ಟಾಪ್‌ವಾಚ್ ಇಷ್ಟೇ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ದೊಡ್ಡ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ವೇಗವನ್ನು ಬರೆದು ಕಳಿಸಿ, ಈ ಕಾರ್ಯಕರ್ತರಿಗೆ ಅಳತೆಯ ಕ್ರಮವನ್ನು ಕಲಿಸಿದರೆ ಮುಂದಿನ ತಪಾಸಣೆಯಲ್ಲಿ ಒಂದಷ್ಟನ್ನಾದರೂ ಊರಿನಲ್ಲೇ ಮಾಡಬಹುದು.