ಘಟ್ಟದ ಮೇಲಿನ ತಾಲ್ಲೂಕುಗಳು ಮತ್ತು ಉದರದರ್ಶಕ

ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದರೂ ಘಟ್ಟದ ಮೇಲಿರುವ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ದೊಡ್ಡ ಕಾಯಿಲೆ ಬಂದಾಗ ಕಾರವಾರಕ್ಕಿಂತ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳತ್ತಲೇ ಹೆಚ್ಚಾಗಿ ಮುಖ ಮಾಡುತ್ತ ಬಂದಿವೆ. ದಾಂಡೇಲಿಯಲ್ಲಿ ಕಾರ್ಮಿಕರ ಇಎಸ್‌ಐ ಆಸ್ಪತ್ರೆ, ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಆಸ್ಪತ್ರೆ ಇದ್ದರೂ, ಅಂಡಾಶಯದ ಕ್ಯಾನ್ಸರಿಗೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಡಾ. ಆರ್.ಬಿ. ಪಾಟೀಲರು ನವನಗರದಲ್ಲಿ ಕಟ್ಟಿದ ಕ್ಯಾನ್ಸರ್ ಸಂಸ್ಥೆ, ಅಥವಾ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳೇ ಆಸರೆ.

ಈ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕೆಲವೊಮ್ಮೆ ಬಳಸುವ ಸಾಧನ ಉದರದರ್ಶಕ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಹೊಕ್ಕುಳ ಬಳಿಯ ಸಣ್ಣ ರಂಧ್ರದಿಂದ ಕೊಳವೆಯಂಥ ದರ್ಶಕವನ್ನು ಇಳಿಸಿ ಒಳಗನ್ನು ನೋಡುವ ಲ್ಯಾಪ್ರೊಸ್ಕೋಪಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಿ 1910ರಲ್ಲಿ ವರದಿ ಮಾಡಿದವನು ಸ್ಟಾಕ್‌ಹೋಮಿನ ಯಾಕೊಬಿಯಸ್. ಭಾರತದ ಹಳ್ಳಿಗಳಿಗೆ ಆ ಉಪಕರಣ ಬಂದದ್ದು ಮಾತ್ರ ಕ್ಯಾನ್ಸರಿಗಾಗಿ ಅಲ್ಲ. 1980ರ ದಶಕದ ಕುಟುಂಬ ಯೋಜನೆಯ ಶಿಬಿರಗಳಲ್ಲಿ ಮಹಿಳೆಯರ ಅಂಡನಾಳಕ್ಕೆ, ಅಂದರೆ ಅಂಡಾಶಯದಿಂದ ಗರ್ಭಕೋಶಕ್ಕೆ ಹೋಗುವ ಕೊಳವೆಗೆ, ಉಂಗುರ ತೊಡಿಸುವ ಸಾಧನವಾಗಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ತುಂಬಿಸುವ ಅವಸರದಲ್ಲಿ ನಡೆದ ಆ ಶಿಬಿರಗಳನ್ನು ಹೊಗಳುವುದು ಕಷ್ಟ. ಸರ್ಕಾರ 1996ರಲ್ಲಿ ಗುರಿಗಳನ್ನೇ ಕೈಬಿಟ್ಟಿತು. ವಿಚಿತ್ರವೆಂದರೆ, ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಗಡ್ಡೆಗಳಲ್ಲಿ ಹಲವು ಅದೇ ಅಂಡನಾಳದ ತುದಿಯಲ್ಲಿ ಹುಟ್ಟುತ್ತವೆ ಎಂಬುದು 2000ದ ಬಳಿಕ ರೋಗಶಾಸ್ತ್ರಜ್ಞರಿಗೆ ಸ್ಪಷ್ಟವಾಯಿತು. ನಾಳ ಕಟ್ಟಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಅಪಾಯ ಕಡಿಮೆ ಎಂಬುದೂ ಅಧ್ಯಯನಗಳಲ್ಲಿ ಕಂಡಿತ್ತು.

ಅಂಡಾಶಯದ ಕ್ಯಾನ್ಸರಿನಲ್ಲಿ ಉದರದರ್ಶಕವನ್ನು ಬಳಸಲು ಶಸ್ತ್ರವೈದ್ಯರು ಹಿಂಜರಿದದ್ದು ಸಕಾರಣವಾಗಿತ್ತು. ತೆಗೆಯುವಾಗ ಗಡ್ಡೆ ಒಡೆದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿ, ಆರಂಭಿಕ ಹಂತದ ಕಾಯಿಲೆಯೂ ಮೇಲಿನ ವರ್ಗಕ್ಕೆ ಏರುತ್ತದೆ. ಉಪಕರಣ ತೂರಿಸಿದ ರಂಧ್ರದ ಬಳಿಯೇ ಹೊಸ ಗಡ್ಡೆ ಬೆಳೆಯುವುದೂ ಉಂಟು. ಹೀಗಾಗಿ 1990ರ ದಶಕದಿಂದ ಆರಂಭಿಕ ಹಂತದ ಆಯ್ದ ರೋಗಿಗಳಲ್ಲಿ ಮಾತ್ರ ಅದು ಬಳಕೆಗೆ ಬಂತು. ಕಾಯಿಲೆ ಹರಡಿದ್ದರೆ ಗಡ್ಡೆಯನ್ನೆಲ್ಲ ತೆಗೆಯಲು ಸಾಧ್ಯವೇ ಎಂದು ಮೊದಲು ಇಣುಕಿ ನೋಡಲು, ಕೆಲವೊಮ್ಮೆ ಕಿಮೊಥೆರಪಿಯಿಂದ ಅದು ಕುಗ್ಗಿದ ಬಳಿಕ ತೆಗೆಯಲು ದರ್ಶಕ ನೆರವಾಗುತ್ತದೆ. ಆದರೂ ದೊಡ್ಡ ಕೊಯ್ತವೇ ಇಂದಿಗೂ ವಾಡಿಕೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಪಡೆದವರ ಬದುಕುಳಿಯುವಿಕೆ ಕಡಿಮೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರವನ್ನು ಇನ್ನಷ್ಟು ಹೆಚ್ಚಿಸಿತು.

ಹೊಟ್ಟೆ ಉಬ್ಬರವನ್ನು ಗ್ಯಾಸ್ ಎಂದುಕೊಂಡು ತಡವಾಗಿ ಬರುವವರೇ ಹೆಚ್ಚಿರುವ ಅಂಡಾಶಯದ ಕ್ಯಾನ್ಸರಿನಲ್ಲಿ ಗಾಯದ ಅಳತೆ ಎರಡನೆಯ ಮಾತು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾದಾಗ ಚರ್ಚೆ ಕಟ್ಟಡದ ಸುತ್ತಲೇ ಹೆಚ್ಚು ನಡೆಯಿತು. ಜೋಯಿಡಾದ ಕಾಡಂಚಿನ ಮಹಿಳೆಗೆ ಶಸ್ತ್ರಚಿಕಿತ್ಸೆ ಒಂದೇ ಸಲದ್ದಾದರೂ, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆಯಂತೆ ಆರು ಸುತ್ತಿನ ಕಿಮೊಥೆರಪಿಗಾಗಿ ಅದೇ ದಾರಿಯನ್ನು ಮತ್ತೆ ಮತ್ತೆ ತುಳಿಯಬೇಕಾಗುತ್ತದೆ.