ಬಯಲುಸೀಮೆಯ ಬೇಲಿ

ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಅಲ್ಲಾಳಸಂದ್ರದಲ್ಲಿ ಬೇಲಿಯೆಂಬುದು ಇಂದು ಬಹುಮಟ್ಟಿಗೆ ಕಾಂಪೌಂಡ್ ಗೋಡೆಯಾಗಿ ಪರಿಣಮಿಸಿದೆ. ಅದರೊಳಗೆ ವಾಸಿಸುವವರು ಅಂಜುವುದು ಕಳ್ಳನಿಗೇ ಹೊರತು ಜಿಂಕೆಗಲ್ಲ. ಆದರೆ ಯಲಹಂಕ, ದೇವನಹಳ್ಳಿಗಳ ಸುತ್ತಣ ಪ್ರದೇಶವು ರಾಗಿ, ಅವರೆ, ಹುರುಳಿಗಳ ಸೀಮೆಯಾಗಿದ್ದ ಕಾಲದಲ್ಲಿ, ತೋಟಕ್ಕಾಗಲಿ ಹೊಲಕ್ಕಾಗಲಿ ಬೇಲಿ ಹಾಕುವುದೆಂದರೆ ಮೊದಲು ಮೃಗಗಳ ಸ್ವಭಾವವನ್ನು ವಿಚಾರಿಸಿ ನೋಡುವುದೆಂದೇ ಅರ್ಥ. ಹಂದಿ ಬೇಲಿಯ ಬುಡವನ್ನು ಮೂತಿಯಿಂದ ಎತ್ತುತ್ತದೆ, ಮೊಲ ಸಂದಿಯಲ್ಲಿ ನುಸುಳುತ್ತದೆ, ಜಿಂಕೆಯಾದರೋ ನೆಗೆಯುತ್ತದೆ. ನೆಗೆಯುವ ಪ್ರಾಣಿಯನ್ನು ಕೇವಲ ಎತ್ತರದಿಂದ ತಡೆಯಹೊರಟರೆ ಆಳುದ್ದಕ್ಕೂ ಮೀರಿದ ಬೇಲಿ ಬೇಕು. ಆದರೆ ಆಚೆಗೆ ಕಾಲೂರುವ ನೆಲ ಕಾಣದಷ್ಟು ಅಗಲವಾಗಿ ಬೇಲಿ ಬೆಳೆದಿದ್ದರೆ, ಅದು ಅಷ್ಟೇನೂ ಎತ್ತರವಿಲ್ಲದಿದ್ದರೂ, ಜಿಂಕೆ ಹಿಂಜರಿಯುತ್ತದೆ. ಆದಕಾರಣ ನಮ್ಮ ರೈತರು ಹೊಲದಂಚಿನಲ್ಲಿ ಅಗಳು ತೋಡಿ, ತೋಡಿದ ಮಣ್ಣನ್ನು ಒಳಮಗ್ಗುಲಿಗೆ ಬದುವಾಗಿ ಹಾಕಿ, ಆ ಬದುವಿನ ಮೇಲೆ ಮುಳ್ಳುಗಿಡಗಳನ್ನು ನೆಡುತ್ತಿದ್ದರು.

ಹೊಲಕ್ಕೆ ಒದಗಿದ ಈ ಉಪಾಯವೇ ಊರಿಗೂ ಒದಗುತ್ತಿತ್ತು. 1791ರ ಮಾರ್ಚ್ 7ರಂದು ಆಂಗ್ಲರ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಪೇಟೆಗೆ ನುಗ್ಗಿದಾಗ ಅದಕ್ಕೆ ಎದುರಾದುದು ಆಳವಾದ ಕಂದಕ, ಕಂದಕಕ್ಕೂ ಕೋಟೆಗೋಡೆಗೂ ನಡುವೆ ದಟ್ಟವಾಗಿ ಬೆಳೆದ ಮುಳ್ಳಿನ ಪಟ್ಟಿ. ಫಿರಂಗಿಗೆ ಅದು ಬಹುಕಾಲ ಇದಿರು ನಿಲ್ಲಲಿಲ್ಲವೆಂಬುದು ಬೇರೆ ಮಾತು.

ಹೀಗೆ ನೆಡುತ್ತಿದ್ದ ಗಿಡಗಳಲ್ಲಿ ಸೀಗೆ, ಕಾರೆ, ಬೊಂತೆಗಳ್ಳಿಗಳು ಹಳೆಯವು. ಭೂತಾಳೆ ಅಮೆರಿಕ ಖಂಡದಿಂದ ಬಂದದ್ದಾದರೂ ನಮ್ಮ ಕೆಂಪುನೆಲಕ್ಕೆ ಹುಟ್ಟಾ ಗಿಡದಂತೆಯೇ ಒಗ್ಗಿತು. ಮುಂಗಾರಿನ ಮೊದಲ ಮಳೆಗೆ ಅದರ ಕಂದುಗಳನ್ನು ಬದುವಿನ ಮೇಲೆ ಒತ್ತಾಗಿ ಊರಿದರೆ ಸಾಕು, ನೀರನ್ನು ಬೇಡದೆ, ದನ ಮೂಸದೆ ಅವು ಬೆಳೆಯುತ್ತವೆ. ಎಲೆಯ ಅಂಚಿನಲ್ಲಿ ಕೊಕ್ಕೆಯಂತೆ ಬಾಗಿದ ಮುಳ್ಳುಗಳು, ತುದಿಯಲ್ಲಿ ಚರ್ಮವನ್ನು ಸೀಳಿಬಿಡುವ ಕಪ್ಪು ಮೊನೆ. ಜೀವಮಾನದಲ್ಲಿ ಒಂದೇ ಒಂದು ಸಲ ನಡುವಿನಿಂದ ಕಂಬದಷ್ಟೆತ್ತರದ ಹೂದಂಡು ಎದ್ದಿತೆಂದರೆ ಆ ಗಿಡದ ಆಯುಸ್ಸು ತೀರಿದಂತೆಯೇ. ಆಗ ಬೀಳುವ ಕಂಡಿಯನ್ನು ಬುಡದ ಮರಿಗಳಿಂದ ತುಂಬಬೇಕು. ಈ ಬೇಲಿಯ ಗುಣ ಕಾವಲಿನಲ್ಲಿಯೇ ಮುಗಿಯುತ್ತಿರಲಿಲ್ಲ. ಎಲೆಗಳನ್ನು ಕೆರೆಯಲ್ಲಿ ಕೊಳೆಹಾಕಿ, ಆ ದುರ್ಗಂಧವನ್ನು ಊರೆಲ್ಲ ಸಹಿಸಿಕೊಂಡು, ನಾರು ಬಡಿದು ಹಗ್ಗ ಹೊಸೆಯುತ್ತಿದ್ದರು. ಸೀಗೆಯ ಕಾಯಿ ಮನೆಯ ಅಭ್ಯಂಜನಕ್ಕೆ, ಬೊಂತೆಗಳ್ಳಿಯ ಒಣಕೊಂಬೆ ಒಲೆಗೆ. ರೈತನು ಬೇಲಿಗೆ ಪಟ್ಟ ಶ್ರಮವನ್ನು ಬೇಲಿಯೇ ತೀರಿಸುತ್ತಿತ್ತು.

ತೀರಿಸದೆ ಸಾಲವನ್ನು ಹೊರಿಸಿದ ಬೇಲಿಯೂ ಒಂದುಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕೆಂಪುಬಣ್ಣ ಕೊಡುವ ಕೀಟವನ್ನು ಸಾಕುವ ಆಸೆಯಿಂದ ಮದ್ರಾಸಿನಲ್ಲಿ ಪಾಪಾಸುಕಳ್ಳಿಯ ತೋಟಗಳನ್ನು ಮಾಡಿಸಿದರು. ಬಣ್ಣದ ವ್ಯಾಪಾರ ಫಲಿಸಲಿಲ್ಲ. ಬೇಲಿಗೆ ಸುಲಭವೆಂದು ಜನ ನೆಚ್ಚಿಕೊಂಡ ಪಾಪಾಸುಕಳ್ಳಿಯ ಜಾತಿಗಳಲ್ಲೊಂದು ದಕ್ಷಿಣದಲ್ಲೆಲ್ಲ ಹಬ್ಬಿ, ಗೋಮಾಳವನ್ನೂ ಹೊಲವನ್ನೂ ಆಕ್ರಮಿಸಿತು. ಬೇಲಿಯೇ ಎದ್ದು ಹೊಲ ಮೇದ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ತರಿಸಿದ ಒಂದು ಕೀಟವೇ ಆ ಕಳ್ಳಿಯನ್ನು ತಿಂದು ಹೊಲಗಳನ್ನು ಬಿಡಿಸಿಕೊಟ್ಟಿತು.

ಅಷ್ಟರಲ್ಲಿ ಮುಳ್ಳುತಂತಿ ಬಂದಿತ್ತು. 1874ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಗ್ಲಿಡನ್ನನು ಇದಕ್ಕೆ ಪೇಟೆಂಟ್ ಪಡೆದದ್ದು ದನಗಳನ್ನು ತಡೆಯಲೆಂದು. ನಾಲ್ಕೈದು ಎಳೆಗಳ ತಂತಿಯನ್ನು ಜಿಂಕೆ ಲೀಲೆಯಿಂದ ದಾಟುತ್ತದೆ. ತಂತಿಗೆ ಕಂಬ ಬೇಕಲ್ಲವೆ? ಬೆಂಗಳೂರು ಸೀಮೆಗೆ ಮರಕ್ಕಿಂತ ಕಲ್ಲು ಸುಲಭ. ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೊತ್ತಿಸಿ, ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಕಾದ ಕಲ್ಲು ಕೆಲವು ಅಂಗುಲ ದಪ್ಪದ ಪದರವಾಗಿ ಬಿಟ್ಟುಕೊಂಡಿತೆಂಬುದನ್ನು ಬಡಿದ ಸದ್ದಿನಿಂದಲೇ ತಿಳಿದು, ಆಮೇಲೆ ಉಳಿಯಿಟ್ಟು ಕೂಚಗಳಾಗಿ ಸೀಳುತ್ತಿದ್ದರು. ಬೆಂಗಳೂರಿನ ಕಲ್ಲುಕುಟಿಗರ ಈ ವಿದ್ಯೆಯ ವರ್ಣನೆ 1895ರಷ್ಟು ಹಿಂದೆಯೇ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ದೇವನಹಳ್ಳಿಯ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರವನ್ನು ಹೊತ್ತು ನಿಂತಿರುವುದೂ ಇಂಥ ಕಲ್ಲುಕಂಬಗಳೇ. ಕಂಬ ಮುಪ್ಪಾಗುವುದಿಲ್ಲ, ನಿಜ. ಆದರೆ ಕಲ್ಲಾಗಲಿ ತಂತಿಯಾಗಲಿ ಹಗ್ಗವನ್ನೂ ಕೊಡದು, ಸೌದೆಯನ್ನೂ ಕೊಡದು.

ಅಲ್ಲಾಳಸಂದ್ರದ ನೆರೆಯಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ವಿಸ್ತಾರವಾದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಅದರಾಚೆ ಹೊಲಗಳು ಹೋಗಿ ಬಡಾವಣೆಗಳು ಎದ್ದುವು. ಬಯಲುಸೀಮೆಯ ಜಿಂಕೆಯಾದ ಕೃಷ್ಣಮೃಗವನ್ನು ಹಿಂಡುಹಿಂಡಾಗಿ ನೋಡಬೇಕಾದರೆ ಈಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು; 2007ರಲ್ಲಿ ಅಲ್ಲಿಯ ಹುಲ್ಲುಗಾವಲು ಜಯಮಂಗಲಿ ಹೆಸರಿನ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಮೃಗಕ್ಕೆ ಅಭಯವನ್ನಿತ್ತದ್ದು ಉಚಿತವೇ. ಆದರೆ ಅದು ಅಕ್ಕಪಕ್ಕದ ಕಡಲೆಕಾಯಿ ಹೊಲಕ್ಕೆ ಇಳಿಯುವ ರಾತ್ರಿ ಎಚ್ಚರವಾಗಿರತಕ್ಕವನು ರೈತನೊಬ್ಬನೇ. ಜಿಂಕೆ ನಾಡಿನವರೆಲ್ಲರ ಸೊತ್ತಾದ ಮೇಲೆ ಬೇಲಿಯ ವೆಚ್ಚವನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದರಲ್ಲಿ ಸರ್ಕಾರವೂ ಪಟ್ಟಣದ ಮೃಗಪ್ರಿಯರೂ ಪಾಲುಗೊಳ್ಳಬೇಕು.